ರಂಗೂನಿನ ಬೆಳ್ಳಿ ಬೋಗುಣಿಯ ಮೇಲಿರುವುದು ರಾಮಾಯಣವೇ?

ಸಹ್ಯಾದ್ರಿ_ಪುಣೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರ ತವರಿನಿಂದ ಬಂದ ಒಂದು ಬೆಳ್ಳಿಯ ಬೋಗುಣಿಯ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಾಗಿದೆ. ಅತ್ತೆಯವರ ಅಜ್ಜ ಬರ್ಮಾದ ರಂಗೂನಿನಲ್ಲಿ ಮರದ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುತ್ತಿದ್ದರು. ಜಪಾನಿನ ಯುದ್ಧ ಅಲ್ಲಿಗೆ ಮುಟ್ಟುವ ಮೊದಲೇ ಸಂಸಾರ ಸಮೇತ ಊರಿಗೆ ಮರಳಿದರು. ಬೋಗುಣಿ ಅವರೊಂದಿಗೆ ಬಂದದ್ದು ಎಂದು ಅತ್ತೆಯವರು ಹೇಳುತ್ತಾರೆ. ಅವರ ತಮ್ಮನವರು ಮಾತ್ರ ಇದನ್ನು ಒಪ್ಪುವುದಿಲ್ಲ. ರತ್ನಾಗಿರಿಯಲ್ಲಿ ಸೆರೆಯಲ್ಲಿದ್ದ ಬರ್ಮಾದ ಕೊನೆಯ ಅರಸ ಥೀಬಾ ರಾಜನ ಮನೆಯ ಸಾಮಾನು ಹರಾಜಾದಾಗ ಕೊಂಡದ್ದು, ತಳದಲ್ಲಿರುವ ನವಿಲೇ ಅದಕ್ಕೆ ಸಾಕ್ಷಿ ಎಂಬುದು ಅವರ ವಾದ.

ಬೋಗುಣಿಯ ಬಾಯಿ ಒಂದು ಗೇಣಿಗಿಂತ ತುಸು ಅಗಲವಿದೆ, ತೂಕ ಸುಮಾರು 650 ಗ್ರಾಂ. ಹೊಟ್ಟೆ ಉಬ್ಬಿ, ಬಾಯಿ ಒಳಕ್ಕೆ ಬಾಗಿದೆ. ಅಂಚಿಗೆ ಸುರುಳಿ ಬಳ್ಳಿ, ಕೆಳಗೆ ತಾವರೆಯ ದಳಗಳ ಸಾಲು, ನಡುವೆ ಸುತ್ತಲೂ ಕಮಾನಿನಾಕಾರದ ಏಳು ಅಂಕಣಗಳು. ಒಂದರಲ್ಲಿ ಕಿರೀಟಧಾರಿಯೊಬ್ಬ ಆನೆಯ ಎದುರು ನಿಂತು ಕೆಲವರ ಕೈಗೆ ಗಿಂಡಿಯಿಂದ ನೀರು ಎರೆಯುತ್ತಿದ್ದಾನೆ. ಇನ್ನೊಂದರಲ್ಲಿ ಕುದುರೆಗಳ ಬದಲು ಕೊಂಬುಳ್ಳ ಜಿಂಕೆಗಳು ರಥ ಎಳೆಯುತ್ತಿವೆ. ಮುಂದಿನದರಲ್ಲಿ ಗಂಡಹೆಂಡತಿ ಇಬ್ಬರೂ ಒಂದೊಂದು ಮಗುವನ್ನು ಎತ್ತಿಕೊಂಡು ಕಾಡಿನಲ್ಲಿ ನಡೆಯುತ್ತಿದ್ದಾರೆ. ಮತ್ತೊಂದರಲ್ಲಿ ಮುದುಕನೊಬ್ಬ ಮರ ಹತ್ತಿ ಕುಳಿತಿದ್ದಾನೆ, ಬುಡದಲ್ಲಿ ನಾಯಿಗಳಿವೆ. ಆಮೇಲೆ ಅದೇ ಮುದುಕ ಇಬ್ಬರು ಮಕ್ಕಳ ಕೈಕಟ್ಟಿ ಎಳೆದೊಯ್ಯುವ ದೃಶ್ಯ, ಬುಟ್ಟಿ ಹೊತ್ತ ಹೆಂಗಸಿನ ದಾರಿಗೆ ಮೂರು ಮೃಗಗಳು ಅಡ್ಡ ನಿಂತ ದೃಶ್ಯ, ಕೊನೆಗೆ ಹಲವು ಮಹಡಿಯ ಮಾಡಿನ ಕೆಳಗೆ ಪಾತ್ರೆಗಳ ನಡುವೆ ಅಂಗಾತ ಬಿದ್ದಿರುವ ದೊಡ್ಡ ಹೊಟ್ಟೆಯವನು.

ನಮ್ಮ ಮನೆಯಲ್ಲಿ ಇದನ್ನು ರಾಮಾಯಣದ ಬೋಗುಣಿ ಎಂದೇ ಕರೆಯುತ್ತಾರೆ. ಮಕ್ಕಳು ಲವಕುಶರು, ಬಿದ್ದಿರುವವನು ಕುಂಭಕರ್ಣ ಎನ್ನುತ್ತಾರೆ. ಆದರೆ ರಾಮನು ಲವಕುಶರನ್ನು ಎತ್ತಿಕೊಂಡು ಕಾಡಿನಲ್ಲಿ ನಡೆದ ಪ್ರಸಂಗ ನಾನು ಎಲ್ಲಿಯೂ ಕೇಳಿಲ್ಲ. ಇದಲ್ಲದೆ ಇಲ್ಲಿನ ಬೆಳ್ಳಿ ವ್ಯಾಪಾರಿಯೊಬ್ಬರು ಟಂಚ್ (ಶುದ್ಧತೆಯ ಪರೀಕ್ಷೆ) ನೋಡಿ ಬೆಳ್ಳಿ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿದೆ, ಅಪ್ಪಟವಲ್ಲ, ಕರಗಿಸಿ ದೇವರ ಸಾಮಾನು ಮಾಡಿಸಿಕೊಳ್ಳಿ ಎಂದು ಸಲಹೆ ಕೊಟ್ಟರು. ಕಥೆ ಯಾವುದು, ಥೀಬಾ ರಾಜನ ಸಂಬಂಧ ನಿಜವಿರಬಹುದೇ, ಕರಗಿಸುವ ಮಾತಿಗೆ ಏನು ಹೇಳಬೇಕು ಎಂಬುದನ್ನು ದಯವಿಟ್ಟು ತಿಳಿಸಿಕೊಡಿ.

ಮಾಟುಂಗಾ_ಓದುಗ

ಮೊದಲಿಗೆ, ದಯವಿಟ್ಟು ಅದನ್ನು ಕರಗಿಸಬೇಡಿ. ತಾವು ಅಂಕಣಗಳನ್ನು ಇಷ್ಟು ಸ್ಪಷ್ಟವಾಗಿ ವಿವರಿಸಿರುವುದರಿಂದ ಚಿತ್ರ ನೋಡದೆಯೂ ಧೈರ್ಯವಾಗಿ ಹೇಳಬಲ್ಲೆ: ಅದು ರಾಮಾಯಣವಲ್ಲ, ವೆಸ್ಸಂತರ ಜಾತಕ. ಜಾತಕವೆಂದರೆ ಇಲ್ಲಿ ಬುದ್ಧನ ಹಿಂದಿನ ಜನ್ಮದ ಕಥೆ. ಸಂಸ್ಕೃತದಲ್ಲಿ ವಿಶ್ವಂತರನೆಂದು ಕರೆಯುವ ರಾಜಕುಮಾರನ ಕಥೆ ಅದು. ಪಾಲಿ ಸಂಗ್ರಹದ 547 ಜಾತಕಗಳಲ್ಲಿ ಕೊನೆಯದು. ಬೋಧಿಸತ್ವನು, ಅಂದರೆ ಮುಂದೆ ಬುದ್ಧನಾಗುವವನು, ಸಿದ್ಧಾರ್ಥನಾಗಿ ಹುಟ್ಟುವ ಮುಂಚೆ ಮನುಷ್ಯಲೋಕದಲ್ಲಿ ಎತ್ತಿದ ಕೊನೆಯ ಜನ್ಮದ ವೃತ್ತಾಂತವಾದ್ದರಿಂದ ಬರ್ಮಾ, ಸಯಾಮ್, ಸಿಂಹಳಗಳಲ್ಲಿ ಅದಕ್ಕೆ ಇರುವ ಗೌರವ ಬಹಳ ದೊಡ್ಡದು.

ಶಿವಿ ದೇಶದ ರಾಜ ಸಂಜಯನ ಮಗ ವೆಸ್ಸಂತರ ಕೇಳಿದವರಿಗೆ ಇಲ್ಲವೆನ್ನದವನು. ಕಳಿಂಗದಲ್ಲಿ ಮಳೆಯಿಲ್ಲದೆ ಬರ ಬಿದ್ದಾಗ, ಮಳೆ ತರುವ ಶಕ್ತಿಯುಳ್ಳ ಶಿವಿ ದೇಶದ ಬಿಳಿಯಾನೆಯನ್ನು ಕೇಳಲು ಅಲ್ಲಿಂದ ಎಂಟು ಮಂದಿ ಬ್ರಾಹ್ಮಣರು ಬರುತ್ತಾರೆ, ಇವನು ಕೊಟ್ಟುಬಿಡುತ್ತಾನೆ. ಗಿಂಡಿಯಿಂದ ಕೈಗೆ ನೀರೆರೆಯುವುದು ದಾನದ ಧಾರೆ. ನಮ್ಮಲ್ಲಿ ಕನ್ಯಾದಾನಕ್ಕೂ ಭೂದಾನಕ್ಕೂ ಇರುವ ಕ್ರಮವೇ ಅದು, ಹಾಗಾಗಿ ತಮ್ಮ ಕಣ್ಣಿಗೆ ಅದು ಪರಿಚಿತವಾಗಿ ಕಂಡಿರಬೇಕು. ಆನೆ ಹೋದದ್ದಕ್ಕೆ ಪ್ರಜೆಗಳು ಸಿಟ್ಟಾಗಿ ರಾಜಕುಮಾರನನ್ನು ದೇಶ ಬಿಡಿಸುತ್ತಾರೆ. ಹೆಂಡತಿ ಮದ್ದಿ, ಮಗ ಜಾಲಿ, ಮಗಳು ಕಣ್ಹಾಜಿನಾ ಜೊತೆಗೆ ಹೊರಡುತ್ತಾರೆ. ದಾರಿಯಲ್ಲಿ ನಾಲ್ವರು ರಥದ ಕುದುರೆಗಳನ್ನು ಬೇಡಿ ಒಯ್ದಾಗ ದೇವತೆಗಳು ಕೆಂಜಿಂಕೆಗಳ ರೂಪದಲ್ಲಿ ಬಂದು ನೊಗಕ್ಕೆ ಹೆಗಲು ಕೊಡುತ್ತಾರೆ. ಮರುಗಳಿಗೆಯಲ್ಲಿ ಇನ್ನೊಬ್ಬ ಬಂದು ರಥವನ್ನೇ ಬೇಡುತ್ತಾನೆ. ಆಗ ಮಗನನ್ನು ತಂದೆಯೂ ಮಗಳನ್ನು ತಾಯಿಯೂ ಎತ್ತಿಕೊಂಡು ವಂಕಗಿರಿಯ ಕಡೆಗೆ ನಡೆಯುತ್ತಾರೆ. ಜಿಂಕೆ ಎಳೆಯುವ ರಥವೊಂದೇ ಸಾಕು, ಕಥೆಯ ಗುರುತು ಸಿಕ್ಕಿಬಿಡುತ್ತದೆ.

ಮರ ಹತ್ತಿದವನು ಜೂಜಕನೆಂಬ ಮುದಿ ಬ್ರಾಹ್ಮಣ. ಎಳೆಯ ಹೆಂಡತಿಗೆ ಮನೆಗೆಲಸದ ಆಳುಗಳು ಬೇಕೆಂದು ವೆಸ್ಸಂತರನ ಮಕ್ಕಳನ್ನೇ ಬೇಡಲು ಹೊರಟವನು. ಕಾಡಿನ ಬಾಗಿಲಲ್ಲಿ ಕಾವಲಿದ್ದ ಬೇಟೆಗಾರನ ನಾಯಿಗಳು ಅವನನ್ನು ಮರಕ್ಕೆ ಹತ್ತಿಸುತ್ತವೆ. ಮದ್ದಿ ಹಣ್ಣುಹಂಪಲಿಗೆಂದು ಹೋದ ಹೊತ್ತು ನೋಡಿ ಅವನು ಮಕ್ಕಳನ್ನು ಕೇಳುತ್ತಾನೆ, ತಂದೆ ಕೊಡುತ್ತಾನೆ, ಮುದುಕ ಬಳ್ಳಿಯಿಂದ ಅವರ ಕೈ ಬಿಗಿದು ಎಳೆದುಕೊಂಡು ಹೋಗುತ್ತಾನೆ. ಮದ್ದಿ ಬೇಗ ಮರಳಿದರೆ ದಾನಕ್ಕೆ ಅಡ್ಡಿಯಾದೀತೆಂದು ಮೂವರು ದೇವತೆಗಳು ಸಿಂಹ, ಹುಲಿ, ಚಿರತೆಗಳಾಗಿ ದಾರಿ ಕಟ್ಟುತ್ತಾರೆ. ಬುಟ್ಟಿ ಹೊತ್ತ ತಾಯಿಯ ಅಂಕಣ ಅದು. ಈ ಕಥೆಯಲ್ಲಿ ನನಗೆ ಅತ್ಯಂತ ಸಂಕಟವಾಗುವುದು ಅಲ್ಲಿಯೇ, ಏಕೆಂದರೆ ಆ ಮೃಗಗಳು ಅವಳಿಗೆ ಕೇಡು ಮಾಡುವುದಿಲ್ಲ, ಸುಮ್ಮನೆ ದಾರಿಯಲ್ಲಿ ಮಲಗಿರುತ್ತವೆ, ಹೊತ್ತು ಮಾತ್ರ ಕಳೆಯುತ್ತದೆ. ಒಳ್ಳೆಯ ಕೆಲಸಗಾರರು ಇದನ್ನು ಗಮನದಲ್ಲಿಟ್ಟು ಮೃಗಗಳನ್ನು ಎರಗುವ ಭಂಗಿಯಲ್ಲಿ ತೋರಿಸುವುದಿಲ್ಲ. ತಮ್ಮ ಬೋಗುಣಿಯಲ್ಲಿ ಅವು ಹೇಗಿವೆ ಎಂದು ನೋಡಿ.

ಕುಂಭಕರ್ಣನೆಂದುಕೊಂಡವನೂ ಜೂಜಕನೇ. ದಾರಿ ತಪ್ಪಿ ಅವನು ಮಕ್ಕಳನ್ನು ಅವರ ಅಜ್ಜನ ರಾಜಧಾನಿಗೇ ತರುತ್ತಾನೆ. ಸಂಜಯ ರಾಜ ಹಣ ಕೊಟ್ಟು ಮೊಮ್ಮಕ್ಕಳನ್ನು ಬಿಡಿಸಿಕೊಂಡು, ಇವನಿಗೆ ರಾಜೋಪಚಾರದ ಊಟ ಹಾಕಿಸುತ್ತಾನೆ. ತಿಂದದ್ದು ಅರಗದೆ ಜೂಜಕ ಅಲ್ಲಿಯೇ ಸಾಯುತ್ತಾನೆ. ಬರ್ಮಾದ ರಾಮಾಯಣದ ಬೋಗುಣಿಗಳೂ ಇವೆ. 1767ರಲ್ಲಿ ಅಯುಥಾಯ ನಗರವನ್ನು ಗೆದ್ದಾಗ ಅಲ್ಲಿಂದ ಕರೆತಂದ ಕಲಾವಿದರಿಂದ ಬರ್ಮಾದ ಆಸ್ಥಾನದಲ್ಲಿ ರಾಮನ ನಾಟಕ ಬೆಳೆಯಿತು. ಆದರೆ ಅಂಥವುಗಳಲ್ಲಿ ಹನುಮಂತ, ಹಲವು ತಲೆಯ ರಾವಣ, ಬಿಲ್ಲು ಹಿಡಿದ ಅಣ್ಣತಮ್ಮಂದಿರು ಕಾಣಲೇಬೇಕು. ತಮ್ಮ ವಿವರಣೆಯಲ್ಲಿ ಒಂದು ಬಿಲ್ಲೂ ಇಲ್ಲ.

ಮಹಾರಾಷ್ಟ್ರದಲ್ಲಿರುವ ತಾವು ಈ ಕಥೆಯ ಇನ್ನೊಂದು ಶ್ರೇಷ್ಠ ಚಿತ್ರವನ್ನು ಹತ್ತಿರದಲ್ಲೇ ನೋಡಬಹುದು. ಅಜಂತಾದ 17ನೆಯ ಗುಹೆಯ ಗೋಡೆಯ ಮೇಲೆ ವಿಶ್ವಂತರನ ಗಡಿಪಾರು, ರಥ, ಜೂಜಕ ಎಲ್ಲವೂ ಇವೆ.

ಡೆಕ್ಕನ್_ವಾಸಿ

ಮೇಲಿನವರು ಕಥೆಯನ್ನು ಪೂರ್ತಿಯಾಗಿ ಬಿಡಿಸಿ ಹೇಳಿದ್ದಾರೆ. ನಾನು ಅರಮನೆಯ ಸಂಗತಿಗೆ ಬರುತ್ತೇನೆ, ಏಕೆಂದರೆ ತಮ್ಮ ಅತ್ತೆಯವರ ತಮ್ಮನ ವಾದ ಅಲ್ಲಿಯೇ ನಿಂತಿದೆ.

ಅಜಂತಾದ ವಿಶ್ವಂತರನನ್ನೂ ಬೋಗುಣಿಯ ವೆಸ್ಸಂತರನನ್ನೂ ಅಕ್ಕಪಕ್ಕ ಇಟ್ಟರೆ ಒಬ್ಬನೇ ವ್ಯಕ್ತಿಯೆಂದು ಹೇಳಲಾಗುವುದಿಲ್ಲ. ಬರ್ಮಾದ ಕೆಲಸಗಾರ ಶಿವಿ ದೇಶದವರಿಗೆ ತನ್ನ ನಾಡಿನ ಅರಸರ ರಾಜಧಾನಿ ಮಂಡಾಲೆಯ ಉಡುಪನ್ನೇ ತೊಡಿಸಿದ. ಶಿಖರದಂತೆ ಚೂಪಾಗಿ ಏರುವ ಕಿರೀಟ, ಭುಜದ ಮೇಲೂ ಸೊಂಟದ ಬಳಿಯೂ ಜ್ವಾಲೆಯಾಕಾರದಲ್ಲಿ ಮೇಲಕ್ಕೆ ಬಾಗಿದ ಅಂಚುಗಳು, ತಾವು ಹೇಳಿದ ಹಲವು ಮಹಡಿಯ ಮಾಡು, ಇವೆಲ್ಲ ಬರ್ಮಾದ ಕೊನೆಯ ರಾಜವಂಶವಾದ ಕೊನ್‌ಬೌಂಗ್ ಅರಸರ ಕಾಲದವು. ಅರಮನೆಯೊಳಗೆ ಕಾಲಿಡದ ಬೆಳ್ಳಿ ಕೆಲಸಗಾರನಿಗೂ ಈ ಉಡುಪು ಗೊತ್ತಿತ್ತು. ರಾತ್ರಿಯಿಡೀ ನಡೆಯುತ್ತಿದ್ದ ನಾಟಕಗಳಲ್ಲಿ ಮತ್ತು ಸೂತ್ರದ ಬೊಂಬೆಯಾಟದಲ್ಲಿ ರಾಜ, ಮಂತ್ರಿ, ರಾಜಕುಮಾರಿಯರು ಅದೇ ವೇಷದಲ್ಲಿ ಬರುತ್ತಿದ್ದರು, ಆಡುತ್ತಿದ್ದ ಕಥೆಗಳೂ ಬಹುಪಾಲು ಜಾತಕದವೇ ಆಗಿದ್ದವು. ಬೋಗುಣಿಯ ಮೇಲಿನ ಪಾತ್ರಗಳು ರಂಗದ ಮೇಲೆ ನಿಂತಂತೆ ಕಮಾನಿನ ಕೆಳಗೆ ನಿಂತಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಮೊದಲ ಅಂಕಣದ ಆನೆಗೆ ಬರ್ಮಾದಲ್ಲಿ ಇನ್ನೂ ಹೆಚ್ಚಿನ ತೂಕವಿತ್ತು. ಬಿಳಿಯಾನೆಯ ಒಡೆಯ ಎಂಬುದು ಅಲ್ಲಿನ ಅರಸರ ಬಿರುದುಗಳಲ್ಲೊಂದು, ಬಿಳಿಯ ಛತ್ರಿ ರಾಜಚಿಹ್ನೆ. ಬಿಳಿಯಾನೆಗಾಗಿ ಬರ್ಮಾ ಮತ್ತು ಸಯಾಮಿನ ಅರಸರು 16ನೆಯ ಶತಮಾನದಲ್ಲಿ ಯುದ್ಧಕ್ಕೇ ಇಳಿದಿದ್ದರು. ಅಂಥ ನಾಡಿನವರಿಗೆ ರಾಜಕುಮಾರನೊಬ್ಬ ಅದನ್ನು ಪರದೇಶದವರಿಗೆ ಧಾರೆಯೆರೆದು ಕೊಡುವುದೆಂದರೆ ರಾಜತ್ವವನ್ನೇ ಕೊಟ್ಟಂತೆ. ಪ್ರಜೆಗಳ ಸಿಟ್ಟನ್ನು ಆ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಅನ್ಯಾಯ ಕಾಣುವುದಿಲ್ಲ.

ಇನ್ನು ಥೀಬಾ. 1885ರ ಯುದ್ಧದ ಬಳಿಕ ಆಂಗ್ಲರು ಅವನನ್ನು ಮದರಾಸಿಗೆ, ಅಲ್ಲಿಂದ 1886ರಲ್ಲಿ ರತ್ನಾಗಿರಿಗೆ ತಂದರು. ಈಗ ಥೀಬಾ ಅರಮನೆ ಎಂದು ಕರೆಯುವ ಕಟ್ಟಡ ಸಿದ್ಧವಾದದ್ದು 1910ರಲ್ಲಿ. 1916ರಲ್ಲಿ ಅವನು ರತ್ನಾಗಿರಿಯಲ್ಲೇ ತೀರಿಕೊಂಡ. ರಾಣಿ ಸುಪಯಾಲತ್ 1919ರಲ್ಲಿ ರಂಗೂನಿಗೆ ಮರಳಿದಳು. ಸಾಲದಲ್ಲಿದ್ದ ರಾಜ ಒಡವೆಗಳನ್ನು ಮಾರಿದ್ದು ನಿಜ, ಹಾಗಾಗಿ ಕೊಂಕಣದ ಹಲವು ಮನೆಗಳಲ್ಲಿ ಇಂಥ ಮಾತು ಕೇಳಿಬರುತ್ತದೆ. ಆದರೆ ಮಂಡಾಲೆ ಅರಮನೆಯ ಪಾತ್ರೆಪರಿಕರಗಳ ರೀತಿಯೇ ಬೇರೆ. ಆಂಗ್ಲರು ಒಯ್ದ ರಾಜಪರಿಕರಗಳು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದ್ದು 1964ರಲ್ಲಿ ಬರ್ಮಾಕ್ಕೆ ಮರಳಿದವು. ಕೃತಜ್ಞತೆಯಿಂದ ಬರ್ಮಾ ಸರಕಾರ ಅಲ್ಲಿಯೇ ಬಿಟ್ಟುಕೊಟ್ಟ ಒಂದು ವಸ್ತುವೆಂದರೆ ಹಂಸದಾಕಾರದ, ಮಾಣಿಕ್ಯ ಕೂರಿಸಿದ ಚಿನ್ನದ ಪಾತ್ರೆ. ಅರಸರು ಬಳಸುತ್ತಿದ್ದದ್ದು ಅಂಥವು. ಯಾರು ಯಾವ ಲೋಹದ, ಯಾವ ಬಗೆಯ ಪಾತ್ರೆ ಇಟ್ಟುಕೊಳ್ಳಬಹುದೆಂಬುದಕ್ಕೂ ಅರಸರ ಕಾಲದಲ್ಲಿ ಅಂತಸ್ತಿಗೆ ತಕ್ಕ ಕಟ್ಟಳೆಗಳಿದ್ದವು. ರಾಜ್ಯ ಹೋದ ಮೇಲೆ ಆ ಕಟ್ಟಳೆಗಳು ಬಿದ್ದುಹೋಗಿ, ವ್ಯಾಪಾರಿಗಳು, ಅಧಿಕಾರಿಗಳು, ರಂಗೂನಿನ ಭಾರತೀಯರು, ಯೂರೋಪಿನವರು ಎಲ್ಲರೂ ಗಿರಾಕಿಗಳಾದರು. ಆಳವಾದ ಉಬ್ಬುಚಿತ್ರದ ಬೋಗುಣಿಗಳು ಹೆಚ್ಚಾಗಿ ಬಂದದ್ದು ಆ ನಂತರದ ನಾಲ್ಕೈದು ದಶಕಗಳಲ್ಲಿಯೇ. ಅದೇ ಕೈಗಳು ಯೂರೋಪಿನವರಿಗಾಗಿ ಚಹದ ಪಾತ್ರೆಯ ಮೇಲೂ ಸಿಗರೇಟಿನ ಪೆಟ್ಟಿಗೆಯ ಮೇಲೂ ಜಾತಕದ ಪಾತ್ರಗಳನ್ನು ಎಬ್ಬಿಸಿದವು.

ನವಿಲು ರಾಜಲಾಂಛನವೇ ಹೌದು, ಥೀಬಾನ ತಂದೆ ಮಿಂಡೊನ್ ರಾಜನ ನಾಣ್ಯಗಳ ಮೇಲೂ ಅದೇ ಇದೆ. ಆದರೆ ಬರ್ಮಾದ ಬೆಳ್ಳಿ ಪಾತ್ರೆಗಳಲ್ಲಿ ಕೆಲಸಗಾರನ ಹೆಸರು ಬಹುತೇಕ ಇರುವುದಿಲ್ಲ. ಅದರ ಬದಲು ತಳದಲ್ಲಿ ನವಿಲು, ಆನೆ, ಜಿಂಕೆ, ಹೂವು ಇತ್ಯಾದಿಗಳನ್ನು ಗೀರುವ ವಾಡಿಕೆಯಿತ್ತು. ಹಾಗಾಗಿ ನವಿಲೊಂದರಿಂದಲೇ ಅದು ರಾಜನ ಸೊತ್ತೆನ್ನಲಾಗದು. 1931ರ ಜನಗಣತಿಯ ಹೊತ್ತಿಗೆ ರಂಗೂನಿನ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯರೇ ಆಗಿದ್ದರು. ಅವರಲ್ಲೊಬ್ಬ ಲೆಕ್ಕದ ಗುಮಾಸ್ತರು ಉಳಿಸಿದ ಹಣವನ್ನು ಬೆಳ್ಳಿಯ ರೂಪದಲ್ಲಿ ಇಟ್ಟುಕೊಂಡರೆಂಬ ಅತ್ತೆಯವರ ಮಾತೇ ನನಗೆ ಹೆಚ್ಚು ನಂಬಿಕೆಗೆ ಅರ್ಹವೆನಿಸುತ್ತದೆ.

ಮಡಗಾಂವ್_ಅಕ್ಕಸಾಲಿ

ನಮ್ಮದು ಮೂಲತಃ ಕಾರವಾರದ ಅಕ್ಕಸಾಲಿ ಮನೆತನ, ಈಗ ಗೋವಾದಲ್ಲಿದ್ದೇವೆ. ಕೆಲಸದ ಬಗ್ಗೆ ಮಾತ್ರ ಹೇಳುತ್ತೇನೆ.

ಟಂಚ್ ಕಡಿಮೆ ಬಂದದ್ದಕ್ಕೆ ತಾವು ಬೇಸರಪಡಬೇಕಾಗಿಲ್ಲ. ಆ ಕಾಲದಲ್ಲಿ ಬರ್ಮಾ ಬ್ರಿಟಿಷ್ ಇಂಡಿಯಾದ ಭಾಗವೇ ಆಗಿತ್ತು, 1937ರಲ್ಲಿ ಬೇರೆಯಾಯಿತು. ನಮ್ಮ ರೂಪಾಯಿಯೇ ಅಲ್ಲಿಯೂ ಚಲಾವಣೆಯಲ್ಲಿದ್ದು, ಬೆಳ್ಳಿ ಕೆಲಸಕ್ಕೆ ಅದನ್ನೇ ಕರಗಿಸುವುದು ಸಾಮಾನ್ಯವಾಗಿತ್ತು. ಆ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ, ಅಂದರೆ ನೂರಕ್ಕೆ 91.7. ತಮ್ಮ ವ್ಯಾಪಾರಿಗೆ ಕಂಡ ಲೆಕ್ಕ ಇದಕ್ಕೆ ಹತ್ತಿರದಲ್ಲೇ ಇದೆ. 650 ಗ್ರಾಂ ಎಂದರೆ ಸುಮಾರು 56 ರೂಪಾಯಿ ನಾಣ್ಯಗಳ ತೂಕ. ಅದಲ್ಲದೆ ಅಪ್ಪಟ ಬೆಳ್ಳಿ ಮೆತ್ತಗೆ. ಸ್ವಲ್ಪ ತಾಮ್ರ ಸೇರಿದರೆ ಪಾತ್ರೆ ನೆಗ್ಗುವುದು ಕಡಿಮೆ.

ಈಗ ಬೋಗುಣಿಯೊಳಗೆ ಕೈ ಹಾಕಿ, ಆನೆಯ ಹೊಟ್ಟೆ ಇರುವ ಕಡೆ ಬೆರಳಾಡಿಸಿ. ಹೊರಗೆ ಎಷ್ಟು ಉಬ್ಬಿದೆಯೋ ಒಳಗೆ ಅಷ್ಟೇ ಗುಳಿ ಸಿಗಬೇಕು. ಒಂದೇ ಬೆಳ್ಳಿಯ ಬಿಲ್ಲೆಯನ್ನು ಬಡಿದು ಬೋಗುಣಿಯ ಆಕಾರಕ್ಕೆ ಎಬ್ಬಿಸಿ, ರಾಳ, ಇಟ್ಟಿಗೆಪುಡಿ, ಎಣ್ಣೆ ಬೆರೆಸಿದ ಅರಗಿನ ಆಸರೆಯಲ್ಲಿ ಒಳಗಿನಿಂದ ಉಬ್ಬಿಸಿ, ಮತ್ತೆ ಹೊರಗಿನಿಂದ ಸಣ್ಣ ಚಾಣಗಳಿಂದ ಕಣ್ಣು, ಬೆರಳು, ಎಲೆಯ ನರ ತಿದ್ದುತ್ತಾರೆ. ಇದರಲ್ಲಿ ಬೆಳ್ಳಿಯನ್ನು ಕೆತ್ತಿ ತೆಗೆಯುವುದಿಲ್ಲ, ತಳ್ಳಿ ಹಿಗ್ಗಿಸುವುದಷ್ಟೇ. ಹಾಗಾಗಿ ಹೆಚ್ಚು ಉಬ್ಬಿದ ಕಡೆ ತಗಡು ತೆಳುವಾಗುತ್ತದೆ. ನಡುನಡುವೆ ಕಾಯಿಸಿ ಮೆತ್ತಗೆ ಮಾಡದಿದ್ದರೆ ಸೀಳುತ್ತದೆ. ಆನೆಯ ಸೊಂಡಿಲು, ಕಿರೀಟದ ತುದಿ, ಜಿಂಕೆಯ ಕೊಂಬು, ಈ ಮೂರು ಕಡೆ ಭೂತಗನ್ನಡಿ ಹಿಡಿದು ನೋಡಿ. ಕೂದಲೆಳೆಯಂಥ ಬಿರುಕು ಅಥವಾ ಹಳೆಯ ಬೆಸುಗೆ ಇದ್ದರೆ ಅಲ್ಲಿಯೇ ಇರುತ್ತದೆ. ಒಳಗೆ ಗುಳಿಯೇ ಇಲ್ಲದೆ ಪೂರ್ತಿ ನುಣುಪಾಗಿದ್ದರೆ ಅದು ಎರಕದ ಪ್ರತಿಯಿರಬಹುದು, ಇಲ್ಲವೇ ಒಳಗೊಂದು ಪದರ ಕೂರಿಸಿದ ಜೋಡಿ ಗೋಡೆಯ ಪಾತ್ರೆಯಿರಬಹುದು. ಆಗ ಬಾಯಿಯ ಅಂಚಿನಲ್ಲಿ ಕೂಡುಗೆರೆ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು.

ಅಂಗಡಿಗೆ ಕೊಟ್ಟು ಯಂತ್ರದಲ್ಲಿ ಪಾಲಿಶ್ ಮಾಡಿಸಬೇಡಿ. ಅಂಥ ಪಾಲಿಶ್‌ಗೆ ಮೊದಲು ಬಲಿಯಾಗುವುದು ಮೂಗು ಮತ್ತು ಕಣ್ಣುಗಳೇ. ಹಲ್ಲುಪುಡಿಯೂ ಬೇಡ. ಸೌಮ್ಯವಾದ ಸೋಪಿನ ನೀರು, ಹತ್ತಿಯ ಮೆತ್ತನೆ ಬಟ್ಟೆ ಸಾಕು. ತೊಳೆದ ಮೇಲೆ ಸಂದುಗಳಲ್ಲಿ ನೀರು ನಿಲ್ಲದಂತೆ ಒರೆಸಿ. ತಗ್ಗುಗಳಲ್ಲಿರುವ ಕಪ್ಪನ್ನು ಹಾಗೆಯೇ ಬಿಡಿ, ಆ ಕಪ್ಪಿನಿಂದಲೇ ಆಕೃತಿಗಳು ಎದ್ದು ಕಾಣುತ್ತವೆ. ವೃತ್ತಪತ್ರಿಕೆಯಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡುವ ಅಭ್ಯಾಸ ನಮ್ಮವರಲ್ಲಿದೆ. ರಬ್ಬರಿನ ಗಂಧಕ ಬೆಳ್ಳಿಗೆ ತಗುಲಿ ಗೆರೆ ಬೀಳುತ್ತದೆ.

ಸಹ್ಯಾದ್ರಿ_ಪುಣೆ

ಮೂವರಿಗೂ ಅನಂತ ಧನ್ಯವಾದಗಳು. ಆನೆಯ ಹೊಟ್ಟೆಯ ಹಿಂದೆ ಹೆಬ್ಬೆರಳು ಕೂರುವಷ್ಟು ಗುಳಿ ಇದೆ. ಮೃಗಗಳಲ್ಲಿ ಎರಡು ಮಲಗಿವೆ. ಸಿಂಹ ಕುಳಿತು ಮದ್ದಿಯ ಕಡೆ ಕತ್ತು ತಿರುಗಿಸಿದೆ, ಬಾಯಿ ಮುಚ್ಚಿದೆ. ಇಷ್ಟು ವರ್ಷ ನಾನು ಅವುಗಳನ್ನು ಅವಳ ಮೇಲೆ ಬೀಳಲು ಬಂದವು ಎಂದೇ ತಿಳಿದಿದ್ದೆ. ಅತ್ತೆಯವರಿಗೆ ಕಥೆಯನ್ನು ಓದಿ ಹೇಳಿದೆ. ಮಕ್ಕಳನ್ನು ಕೊಟ್ಟ ತಂದೆಯನ್ನು ಅವರು ಒಪ್ಪಲಿಲ್ಲ, ಆದರೆ ಕರಗಿಸುವ ಮಾತನ್ನು ಕೈಬಿಟ್ಟಿದ್ದಾರೆ.

ಇನ್ನೆರಡು ಸಂದೇಹಗಳಿವೆ. ಸಿಂಗಪುರದಲ್ಲಿರುವ ಮೈದುನ ಅದನ್ನು ತನ್ನೊಂದಿಗೆ ಒಯ್ಯುತ್ತೇನೆ ಎನ್ನುತ್ತಿದ್ದಾನೆ, ಒಯ್ಯಬಹುದೇ? ಬೋಗುಣಿಯ ಆಕಾರ ಬೌದ್ಧ ಭಿಕ್ಷುಗಳ ಭಿಕ್ಷಾಪಾತ್ರೆಯದೆಂದು ನೆರೆಯವರೊಬ್ಬರು ಹೇಳಿದರು. ನಾವು ಹಬ್ಬದ ದಿನ ಅದರಲ್ಲಿ ನೀರು ತುಂಬಿ ಹೂವು ತೇಲಿಬಿಡುತ್ತೇವೆ. ಪವಿತ್ರ ವಸ್ತುವನ್ನು ಹಾಗೆ ಬಳಸುವುದು ಅಪಚಾರವಾಗುತ್ತದೆಯೇ?

ಡೆಕ್ಕನ್_ವಾಸಿ

ನೂರು ವರ್ಷಕ್ಕಿಂತ ಹಳೆಯ ಕಲಾವಸ್ತು 1972ರ ಪುರಾತನ ವಸ್ತುಗಳ ಕಾನೂನಿನ ವ್ಯಾಪ್ತಿಗೆ ಬರುತ್ತದೆ, ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ತಮ್ಮದು ಆ ಗಡಿಯ ಆಚೆಗೋ ಈಚೆಗೋ ಎಂಬುದನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರಿಗೆ ತೋರಿಸಿ ಲಿಖಿತವಾಗಿ ತಿಳಿದುಕೊಳ್ಳುವವರೆಗೆ ಮೈದುನನವರು ಅದನ್ನು ಪೆಟ್ಟಿಗೆಯಲ್ಲಿ ಹಾಕದಿರುವುದೇ ಕ್ಷೇಮ.

ಮಾಟುಂಗಾ_ಓದುಗ

ಆಕಾರ ಭಿಕ್ಷಾಪಾತ್ರೆಯದೇ, ಆದರೆ ಯಾವ ಭಿಕ್ಷುವೂ ಇದನ್ನು ಹಿಡಿದು ಬೀದಿಗೆ ಹೋಗಿಲ್ಲ, ಹೋಗುವಂತೆಯೂ ಇಲ್ಲ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ ಇದಕ್ಕೆ ಸಂಬಂಧಿಸಿದ ಪ್ರಸಂಗವಿದೆ. ರಾಜಗೃಹದ ಶೆಟ್ಟಿಯೊಬ್ಬ ಚಂದನದ ಪಾತ್ರೆಯನ್ನು ಎತ್ತರದ ಗಳದ ತುದಿಗೆ ಕಟ್ಟಿ, ಸಿದ್ಧಿಯುಳ್ಳವರು ಇಳಿಸಿಕೊಳ್ಳಲಿ ಎಂದು ಸಾರುತ್ತಾನೆ. ಪಿಂಡೋಲ ಭಾರದ್ವಾಜನೆಂಬ ಭಿಕ್ಷು ಆಕಾಶಕ್ಕೆ ಏರಿ ಅದನ್ನು ತೆಗೆದುಕೊಂಡಾಗ ಬುದ್ಧ ಅವನನ್ನು ಕಟುವಾಗಿ ಗದರಿಸಿ ಆ ಪಾತ್ರೆಯನ್ನು ಒಡೆಸುತ್ತಾನೆ. ಮರ, ಚಿನ್ನ, ಬೆಳ್ಳಿ, ರತ್ನಗಳ ಪಾತ್ರೆಗಳನ್ನು ನಿಷೇಧಿಸಿ, ಕಬ್ಬಿಣ ಮತ್ತು ಮಣ್ಣು ಎರಡಕ್ಕೆ ಮಾತ್ರ ಅನುಮತಿ ಕೊಡುತ್ತಾನೆ.

ಹಾಗಾದರೆ ಬೆಳ್ಳಿಯಲ್ಲಿ ಏಕೆ ಮಾಡಿದರು? ಅದು ಗೃಹಸ್ಥರ ಪಾತ್ರೆ. ಬುದ್ಧನ ಮೂರ್ತಿಯ ಮುಂದೆ ಹೂವು, ಹಣ್ಣು, ಅನ್ನ ಅರ್ಪಿಸುವುದಕ್ಕೆ, ಸಮಾರಂಭಗಳಲ್ಲಿ ನೀರಿಡುವುದಕ್ಕೆ, ಮನೆಯ ಗೌರವದ ವಸ್ತುವಾಗಿ ಇಡುವುದಕ್ಕೆ ಅದನ್ನು ಬಳಸುತ್ತಿದ್ದರು. ಬೇಡುವವನ ಪಾತ್ರೆಯ ಆಕಾರದ ಮೇಲೆ ಕೊಡುವವನ ಕಥೆಯನ್ನು ಚಿತ್ರಿಸಿರುವುದು ನನಗೆ ಬಹಳ ಆಲೋಚನಾಪೂರ್ವಕವಾದ ಆಯ್ಕೆಯಾಗಿ ಕಾಣುತ್ತದೆ. ವೆಸ್ಸಂತರನ ಜನ್ಮವನ್ನು ದಾನಪಾರಮಿತೆಗೆ, ಅಂದರೆ ದಾನಗುಣದ ಪರಿಪೂರ್ಣತೆಗೇ ಮೀಸಲಾಗಿ ಹೇಳುತ್ತಾರೆ. ತಮ್ಮ ಅತ್ತೆಯವರ ಆಕ್ಷೇಪವೂ ಹೊಸದಲ್ಲ. ಮಿಲಿಂದಪಞ್ಹ ಎಂಬ ಪಾಲಿ ಗ್ರಂಥದಲ್ಲಿ ಮಿಲಿಂದ ರಾಜನು ಹಿರಿಯ ಭಿಕ್ಷು ನಾಗಸೇನನನ್ನು, ಅಳುವ ಮಕ್ಕಳನ್ನು ಕಟ್ಟಿಕೊಡುವುದು ಎಂಥ ಪುಣ್ಯವೆಂದು ಇದೇ ಕಥೆಯ ಮೇಲೆ ಪಟ್ಟು ಹಿಡಿದು ಕೇಳುತ್ತಾನೆ. ಅವರಿಗೆ ಆ ಭಾಗವನ್ನೂ ಓದಿ ಹೇಳಿ.

ಭಿಕ್ಷಾಪಾತ್ರೆಗೆ ಪೂಜ್ಯಭಾವ ಇರುವುದಂತೂ ನಿಜ. ಮುಂಬಯಿಯ ಪಕ್ಕದ ಸೋಪಾರದ ಸ್ತೂಪವನ್ನು 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿಯವರು ಅಗೆಸಿದಾಗ, ಒಂದರೊಳಗೊಂದು ಇಟ್ಟ ಕರಂಡಕಗಳ (ಭದ್ರಪೆಟ್ಟಿಗೆಗಳ) ಒಳಗಿನ ಚಿನ್ನದ ಡಬ್ಬಿಯಲ್ಲಿ ಸಿಕ್ಕಿದ್ದು ಮಣ್ಣಿನ ಪಾತ್ರೆಯ ಚಿಕ್ಕ ಚೂರುಗಳು. ಬುದ್ಧನ ಭಿಕ್ಷಾಪಾತ್ರೆಯ ಚೂರುಗಳೆಂದು ಭಾವಿಸಿ ಅವನ್ನು ಅಷ್ಟು ಜೋಪಾನವಾಗಿ ಇಟ್ಟಿದ್ದರೆಂದು ಅವರು ಅಭಿಪ್ರಾಯಪಟ್ಟರು.

ಹೂವು ತೇಲಿಬಿಡುವುದರಲ್ಲಿ ಅಪಚಾರವೇನೂ ಇಲ್ಲ, ಪಾತ್ರೆಯ ಮೂಲ ಬಳಕೆಗೆ ಅದು ಹತ್ತಿರವೇ. ಲೋಹದ ದೃಷ್ಟಿಯಿಂದ ಮಾತ್ರ, ಪುಣೆಯ ಬೋರ್‌ವೆಲ್ ನೀರು ಗುಳಿಗಳಲ್ಲಿ ಸುಣ್ಣದ ಕಲೆ ಬಿಡುತ್ತದೆಯಾದ್ದರಿಂದ, ಒಳಗೆ ಗಾಜಿನ ಬಟ್ಟಲಿಟ್ಟು ಅದರಲ್ಲಿ ನೀರು ತುಂಬಿ.